ರೆಕಾರ್ಡರ್ ಮಗುವಿನ ಕೈಯಲ್ಲಿರಲಿ: ಪ್ರಾಥಮಿಕ ಶಾಲೆಯ ವಿದೇಶಿ ಭಾಷಾ ತರಗತಿಗಳ ಬಗ್ಗೆ ಒಂದು ಬಹಿರಂಗ ಪತ್ರ

ಪ್ರಾಥಮಿಕ ಶಾಲೆಗಳ ಭಾಷಾ ಪಠ್ಯಕ್ರಮ ರೂಪಿಸುವವರಿಗೆ, ಉಪಕರಣಗಳಿಗೆ ಮಂಜೂರಾತಿ ನೀಡುವವರಿಗೆ, ಮುಖ್ಯ ಶಿಕ್ಷಕರಿಗೆ ಮತ್ತು ಪೋಷಕರಿಗೆ,

ಮಾನ್ಯರೇ,

ನಾನು ಪ್ರಾಥಮಿಕ ತರಗತಿಯ ಮಕ್ಕಳಿಗೆ ಫ್ರೆಂಚ್ ಕಲಿಸುವ ಶಿಕ್ಷಕಿ. ನಿಮ್ಮ ಮುಂದಿಡುತ್ತಿರುವ ಕೋರಿಕೆಗೆ ಎರಡು ಭಾಗಗಳಿವೆ. ವಿದೇಶಿ ಭಾಷೆ ಕಲಿಸುವ ಪ್ರತಿಯೊಂದು ಪ್ರಾಥಮಿಕ ತರಗತಿಗೂ ಐದಾರು ಚಿಕ್ಕ ಧ್ವನಿ ರೆಕಾರ್ಡರ್‌ಗಳನ್ನು ಕೊಡಿ. ಕೊಡುವಾಗ, ಅದರೊಳಗೆ ದಾಖಲಾದ ಮಾತು ಮಗುವಿನದು, ಅದನ್ನು ಉಳಿಸಬೇಕೋ ಅಳಿಸಬೇಕೋ ಎಂಬ ತೀರ್ಮಾನವೂ ಮಗುವಿನದೇ ಎಂದು ಆದೇಶದಲ್ಲಿ ಬರೆಯಿರಿ. ಮೊದಲನೆಯದಕ್ಕೆ ಒಪ್ಪಿಗೆ ಸಿಗುವುದು ಅಷ್ಟು ಕಷ್ಟವಲ್ಲ. ಯಂತ್ರ ಕೊಳ್ಳಲು ಹಣ ಹೇಗೋ ಒದಗಿಬರುತ್ತದೆ. ಎರಡನೆಯದು ಮಾತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಬಿಟ್ಟುಹೋಗುತ್ತದೆ. ಅದು ಬಿಟ್ಟುಹೋದರೆ ಯಂತ್ರ ಬಂದೂ ಮಕ್ಕಳಿಗೆ ಉಪಯೋಗವಿಲ್ಲ ಎಂದು ನಾನು ನಂಬಿದ್ದೇನೆ. ಏಕೆಂದು ವಿವರವಾಗಿ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಏಳೆಂಟು ವರ್ಷದ ಮಗುವಿಗೆ ಹೊಸ ಭಾಷೆ ಎಂದರೆ ಮೊದಲು ಕಿವಿ, ಆಮೇಲೆ ಬಾಯಿ. ಓದು ಬರಹ ನಂತರದ್ದು. ಪಠ್ಯಕ್ರಮದ ಪೀಠಿಕೆಗಳೂ ಹಾಗೆಯೇ ಹೇಳುತ್ತವೆ. ಆದರೂ ತರಗತಿಯಲ್ಲಿ ಹೆಚ್ಚಿನ ಹೊತ್ತು ನಡೆಯುವುದು ಬರವಣಿಗೆ. ಬಣ್ಣಗಳ ಹೆಸರು ಬರೆ, ಬಿಟ್ಟ ಸ್ಥಳ ತುಂಬು, ಚಿತ್ರಕ್ಕೆ ಗೆರೆ ಎಳೆದು ಹೊಂದಿಸು. ಇದಕ್ಕೆ ಶಿಕ್ಷಕರ ಸೋಮಾರಿತನ ಕಾರಣವಲ್ಲ. ಬರೆದದ್ದು ಉಳಿಯುತ್ತದೆ, ತಿದ್ದಬಹುದು, ಪೋಷಕರಿಗೆ ತೋರಿಸಬಹುದು, ತಪಾಸಣೆಗೆ ಬಂದವರ ಮುಂದೆ ಬಿಡಿಸಿಡಬಹುದು. ಆಡಿದ ಮಾತು ಆ ಗಳಿಗೆಯಲ್ಲೇ ಕರಗಿಹೋಗುತ್ತದೆ. ಕೈಗೆ ಸಿಗುವುದನ್ನೇ ವ್ಯವಸ್ಥೆ ಲೆಕ್ಕಕ್ಕೆ ಹಿಡಿಯುತ್ತದೆ, ಲೆಕ್ಕಕ್ಕೆ ಹಿಡಿದದ್ದನ್ನೇ ಶಿಕ್ಷಕರು ಮಾಡಿಸುತ್ತಾರೆ.

ಇನ್ನೊಂದು ಲೆಕ್ಕವೂ ಇದೆ. 30 ಮಕ್ಕಳ ತರಗತಿಗೆ 40 ನಿಮಿಷದ ಒಂದು ಅವಧಿ ಎಂದಿಟ್ಟುಕೊಳ್ಳಿ. ಶಿಕ್ಷಕಿ ಒಂದಕ್ಷರವನ್ನೂ ಆಡದೆ ಸುಮ್ಮನೆ ಕೂತರೂ ಒಂದು ಮಗುವಿನ ಪಾಲಿಗೆ ಬರುವುದು 80 ಸೆಕೆಂಡು. ಶಿಕ್ಷಕಿ ಅರ್ಧ ಹೊತ್ತು ಮಾತಾಡಿದರೆ 40 ಸೆಕೆಂಡು. ಅದರಲ್ಲಿ ಎದ್ದು ನಿಲ್ಲುವುದು, ತಡವರಿಸುವುದು, ಪಕ್ಕದವರ ನಗು ಎಲ್ಲ ಕಳೆದರೆ ಉಳಿಯುವುದು ಒಂದೋ ಎರಡೋ ವಾಕ್ಯ. ‘ಹಾಡ್ತಾ ಹಾಡ್ತಾ ರಾಗ’ ಎನ್ನುತ್ತೇವೆ. ಹಾಡಲು ಹೊತ್ತೇ ಸಿಗದಿದ್ದರೆ ರಾಗ ಎಲ್ಲಿಂದ ಬರಬೇಕು? ಅದೇ ತರಗತಿಯನ್ನು ಐದೈದು ಮಕ್ಕಳ ಆರು ಗುಂಪು ಮಾಡಿ, ಗುಂಪಿಗೊಂದು ರೆಕಾರ್ಡರ್ ಕೊಟ್ಟು ಹತ್ತು ನಿಮಿಷ ಬಿಟ್ಟರೆ ಪ್ರತಿ ಮಗುವಿಗೆ ಎರಡು ನಿಮಿಷ ಸಿಗುತ್ತದೆ. ಉಳಿದ ಎಂಟು ನಿಮಿಷವೂ ವ್ಯರ್ಥವಾಗುವುದಿಲ್ಲ, ಗೆಳೆಯರ ಮಾತನ್ನು ಕಿವಿಗೊಟ್ಟು ಕೇಳುವ ಹೊತ್ತು ಅದು.

ಹೊತ್ತು ಹೆಚ್ಚುವುದು ಒಂದು ಲಾಭ, ಆದರೆ ನನಗೆ ಮುಖ್ಯವಾದುದು ಅದಲ್ಲ. ಸ್ಲೇಟನ್ನು ನೆನಪಿಸಿಕೊಳ್ಳಿ. ಮಗು ಅಕ್ಷರ ಬರೆಯುತ್ತದೆ, ತಲೆ ವಾಲಿಸಿ ನೋಡುತ್ತದೆ, ಮೇಲ್ಪಂಕ್ತಿಯ ಜೊತೆ ಹೋಲಿಸುತ್ತದೆ, ಸರಿಬರದಿದ್ದರೆ ಒರೆಸಿ ಮತ್ತೆ ಬರೆಯುತ್ತದೆ. ಒರೆಸಿದ್ದನ್ನು ಯಾರೂ ನೋಡುವುದಿಲ್ಲ, ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಬರಹಕ್ಕೆ ಈ ಅವಕಾಶ ಮೊದಲಿನಿಂದಲೂ ಇತ್ತು. ಮಾತಿಗೆ ಇರಲಿಲ್ಲ. ಮಗು ವಿದೇಶಿ ಭಾಷೆಯ ಒಂದು ವಾಕ್ಯವನ್ನು ಎಲ್ಲರ ಎದುರು ಮೊದಲ ಸಲ ಹೇಳಬೇಕು, ತಪ್ಪಿದರೆ ಅಲ್ಲೇ ತಿದ್ದಿಸಿಕೊಳ್ಳಬೇಕು. ರೆಕಾರ್ಡರ್ ಮಾತಿಗೆ ಸಿಕ್ಕ ಸ್ಲೇಟು. ಅದನ್ನು ನಾವು ಉತ್ತರಪತ್ರಿಕೆಯಾಗಿ ಮಾಡಿಬಿಟ್ಟರೆ ಅದರ ಜೀವವೇ ಹೋಗುತ್ತದೆ.

ಒಳಗೆ ನಡೆಯುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಭಾಷೆಯಲ್ಲಿ ಮಾತಾಡುವಾಗ ಮಗುವಿನ ಗಮನವೆಲ್ಲ ಮುಂದಿನ ಪದ ಯಾವುದು ಎಂಬುದರ ಮೇಲಿರುತ್ತದೆ. ತಾನು ಹೇಗೆ ಉಚ್ಚರಿಸುತ್ತಿದ್ದೇನೆ ಎಂದು ಕೇಳಿಸಿಕೊಳ್ಳಲು ಆಗ ಪುರಸೊತ್ತಿಲ್ಲ. ರೆಕಾರ್ಡಿಂಗ್ ಈ ಎರಡು ಕೆಲಸಗಳನ್ನು ಬೇರ್ಪಡಿಸುತ್ತದೆ: ಮೊದಲು ಹೇಳು, ಆಮೇಲೆ ಕೇಳು. ಕಲಿಯುವವರು ತಾವಾಗಿ ಗಮನಿಸಿದ್ದು ಮಾತ್ರ ಕಲಿಕೆಯಾಗಿ ಒಳಗೆ ಇಳಿಯುತ್ತದೆ ಎಂಬ ವಾದವನ್ನು ಭಾಷಾಶಾಸ್ತ್ರಜ್ಞ ರಿಚರ್ಡ್ ಷ್ಮಿಟ್ 1990ರಲ್ಲಿ ಮುಂದಿಟ್ಟರು. ಅದಕ್ಕೂ ಮೊದಲು, 1985ರಲ್ಲಿ, ಕೆನಡಾದ ಮೆರಿಲ್ ಸ್ವೇನ್ ಅವರು ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಗಮನಿಸಿ, ಎಷ್ಟೇ ಕೇಳಿಸಿಕೊಂಡರೂ ಸಾಲದು, ತಾವೇ ಮಾತು ಕಟ್ಟಲು ಒದ್ದಾಡಲೂ ಬೇಕು ಎಂದಿದ್ದರು. ಹಾಗೆ ಒದ್ದಾಡಿದಾಗಲೇ ತಮಗೆ ಏನು ಬರುವುದಿಲ್ಲವೆಂದು ಕಲಿಯುವವರಿಗೆ ತಿಳಿಯುತ್ತದೆ ಎಂದು ಅವರೇ ಮುಂದೆ ವಿವರಿಸಿದರು. ಈ ಎರಡೂ ಮಾತುಗಳನ್ನು ನಾನು ಪ್ರತಿ ವಾರ ತರಗತಿಯಲ್ಲಿ ಕಣ್ಣಾರೆ ಕಾಣುತ್ತೇನೆ.

ಫ್ರೆಂಚಿನಲ್ಲಿ ‘ನೀನು’ ಎಂಬುದಕ್ಕಿರುವ ಪದದ ಸ್ವರ ಕನ್ನಡದಲ್ಲಿಲ್ಲ. ತುಟಿ ಊ ಎನ್ನುವಂತೆ ಮುಂದೆ ಚಾಚಿಕೊಂಡಿರಬೇಕು, ನಾಲಿಗೆ ಈ ಎನ್ನುವಂತೆ ಮುಂದಕ್ಕೇರಿರಬೇಕು. ಮಕ್ಕಳು ಸಹಜವಾಗಿ ‘ತೂ’ ಎನ್ನುತ್ತಾರೆ. ನಾನು ಹತ್ತು ಸಲ ಹೇಳಿಕೊಟ್ಟರೂ ಹತ್ತು ಸಲವೂ ‘ತೂ’ ಎಂದೇ ತಿರುಗಿ ಬರುತ್ತದೆ, ಏಕೆಂದರೆ ಅವರ ಕಿವಿಗೆ ಎರಡೂ ಒಂದೇ. ತರಗತಿಯಲ್ಲಿ ಎಂದೂ ಕೈ ಎತ್ತದ ಒಬ್ಬ ಹುಡುಗಿ ರೆಕಾರ್ಡರ್ ಹಿಡಿದು ಪುಸ್ತಕದ ಕಪಾಟಿನ ಹಿಂದೆ ಗೆಳತಿಯ ಜೊತೆ ಕೂತಿದ್ದಳು. ‘ನಿನಗೆ ಎಷ್ಟು ವಯಸ್ಸು’ ಎಂಬ ಪ್ರಶ್ನೆ ಅಂದಿನ ಪಾಠ. ಮಾದರಿ ಧ್ವನಿಯನ್ನು ಕೇಳಿದಳು, ತನ್ನದನ್ನು ಕೇಳಿದಳು. ‘ಸೇಮ್ ಇದೆ’ ಎಂದಳು. ಗೆಳತಿ ಮತ್ತೊಮ್ಮೆ ಹಾಕಿಸಿ, ‘ಇಲ್ಲ ಕಣೇ, ನಿಂದು ಊ, ಅವರದ್ದು ಸೀಟಿ ಊದಿದ ಹಾಗೆ’ ಎಂದಳು. ಆಗ ಮೊದಲನೆಯವಳು ತುಟಿ ಉರುಟು ಮಾಡಿ ‘ಈ’ ಎನ್ನಲು ನೋಡಿದಳು, ಬೆರಳಿಂದ ತನ್ನ ತುಟಿ ಮುಟ್ಟಿ ನೋಡಿಕೊಂಡಳು, ರೆಕಾರ್ಡ್ ಮಾಡಿದಳು, ಕೇಳಿದಳು, ಅಳಿಸಿದಳು, ಮತ್ತೆ ಮಾಡಿದಳು. ನಾನು ಎರಡು ಬೆಂಚು ಆಚೆ ಬೇರೆ ಗುಂಪಿನ ಜೊತೆಗಿದ್ದೆ. ಯಾರೂ ಅವಳನ್ನು ತಿದ್ದಲಿಲ್ಲ. ಆ ಸ್ವರವನ್ನು ಅವಳೇ ಹುಡುಕಿಕೊಂಡಳು, ಮತ್ತು ಹಾಗೆ ಹುಡುಕಿಕೊಂಡಿದ್ದರಿಂದ ಮುಂದಿನ ವಾರವೂ ಅದು ಅವಳ ಬಾಯಲ್ಲಿತ್ತು.

ಆ ದಿನ ಅವಳು ಅಳಿಸಿದ ತುಣುಕುಗಳೆಲ್ಲ ನನ್ನ ಮೇಜಿಗೆ ಬರುತ್ತವೆಂದು ಅವಳಿಗೆ ಗೊತ್ತಿದ್ದಿದ್ದರೆ ಅವಳು ಬಾಯಿ ತೆರೆಯುತ್ತಿದ್ದಳೇ? ಇಲ್ಲ ಎನ್ನಲು ನನಗೆ ಒಂದಿಷ್ಟೂ ಅನುಮಾನವಿಲ್ಲ.

ಇಲ್ಲಿ ಒಂದು ಪಕ್ಕದ ಮಾತು, ಆದರೆ ಸಣ್ಣ ಮಾತಲ್ಲ. ಮಕ್ಕಳು ವಿದೇಶಿ ಪದದ ಕೆಳಗೆ ಪೆನ್ಸಿಲ್ಲಿನಲ್ಲಿ ತಮ್ಮ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತಾರೆ. ಮನೆಗೆ ಹೋದ ಮೇಲೆ ನೆನಪಿಗೆ ಬೇರೆ ದಾರಿ ಇಲ್ಲವಲ್ಲ. ಫ್ರೆಂಚಿನ ನಮಸ್ಕಾರದ ಪದದ ಕೆಳಗೆ ‘ಬೊಂಜೂರ್’ ಎಂದು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಜಕಾರದ ಹಿಂದೆ ಬರುವ ಸೊನ್ನೆಯನ್ನು ಹೇಳುವಾಗ ನಾಲಿಗೆ ಅಂಗುಳಕ್ಕೆ ತಾಗುತ್ತದೆ. ಫ್ರೆಂಚಿನಲ್ಲಿ ನಾಲಿಗೆ ಎಲ್ಲಿಗೂ ತಾಗುವುದಿಲ್ಲ, ಸ್ವರವೇ ಮೂಗಿನಿಂದ ಹೊರಡುತ್ತದೆ. ಅದರ ಮುಂದಿನ ವ್ಯಂಜನವೂ ನಮ್ಮ ಜ ಅಲ್ಲ. ಒಮ್ಮೆ ಲಿಪಿಯಲ್ಲಿ ಕೂತ ತಪ್ಪು ಕಣ್ಣಿನ ಮೂಲಕ ದಿನಾ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಪೆನ್ಸಿಲ್ ಸಾಲಿನ ಬದಲು ಒಂದು ಧ್ವನಿಯ ತುಣುಕು ಮಗುವಿನ ಬಳಿ ಇದ್ದರೆ ಎಷ್ಟೊಂದು ವ್ಯತ್ಯಾಸವಾಗುತ್ತದೆ! ಪುಟದ ಮೇಲೆ ಅಂಟಿಸಿದ ಗುರುತನ್ನು ಮುಟ್ಟಿದರೆ ಧ್ವನಿ ಹೊರಡಿಸುವ ಪೆನ್ನುಗಳು ಈಗ ಸಿಗುತ್ತವೆ. ಆ ಧ್ವನಿಯನ್ನು ನಾವೇ ರೆಕಾರ್ಡ್ ಮಾಡಿ ಇಡಬಹುದು. ಚಿತ್ರಪುಸ್ತಕದ ಒಂದೊಂದು ಪುಟಕ್ಕೂ ಮಕ್ಕಳೇ ದನಿ ಕೊಟ್ಟು, ಮುಂದಿನ ವರ್ಷ ಬರುವ ಕಿರಿಯರಿಗೆ ಬಿಟ್ಟುಹೋಗಬಹುದು.

ಯಂತ್ರ ಬಂದರೆ ಶಿಕ್ಷಕರು ಬೇಡವೇ ಎಂದು ಕೇಳುವವರಿದ್ದಾರೆ. ಯಂತ್ರ ಶಿಕ್ಷಕರ ಜಾಗಕ್ಕೆ ಬರಲಾರದು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಂದಿತ್ತು. ಹಾಗೆ ಕುಂದುವುದನ್ನು ತಡೆಯಬಹುದೇ ಎಂದು ನೋಡಲು ಪೆಟ್ರೀಷಿಯಾ ಕೂಲ್ ಮತ್ತವರ ಸಹೋದ್ಯೋಗಿಗಳು, 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಟವಾಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ವಿಡಿಯೊದಲ್ಲೋ ಬರೀ ಧ್ವನಿಯಲ್ಲೋ ಕೇಳಿಸಿಕೊಂಡ ಕೂಸುಗಳು ಕಲಿಯಲಿಲ್ಲ. ಕೂಸುಗಳ ಮಾತನ್ನು ಎಂಟು ವರ್ಷದ ಮಕ್ಕಳಿಗೆ ಹಾಗೇ ಹೊಂದಿಸಲಾಗದು, ನಿಜ. ಆದರೆ ಮುಖ ನೋಡಿ ಕಲಿಯುವುದಕ್ಕೆ ಬದಲಿ ಇಲ್ಲ ಎಂಬ ಎಚ್ಚರ ನಮಗೆ ಸಾಕು. ಅದಕ್ಕಾಗಿಯೇ, ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ ಒಂಟಿಯಾಗಿ ಕೂರಿಸುವ ಬಳಕೆಗಿಂತ ಇಬ್ಬರು ಮೂವರು ಸೇರಿ ರೆಕಾರ್ಡ್ ಮಾಡಿ, ಕೇಳಿ, ಚರ್ಚಿಸುವ ಬಳಕೆಯ ಪರವಾಗಿ ನಾನಿದ್ದೇನೆ.

ಮಾದರಿ ಧ್ವನಿಯ ವಿಷಯದಲ್ಲೂ ಒಂದು ಬೇಡಿಕೆ ಇದೆ. ಪಠ್ಯಪುಸ್ತಕದ ಜೊತೆಗೆ ಬರುವ ಆಡಿಯೊದಲ್ಲಿ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ವಯಸ್ಕರು ನಿಧಾನವಾಗಿ, ತಿದ್ದಿ ತೀಡಿ ಓದಿರುತ್ತಾರೆ. ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಮತ್ತವರ ತಂಡ 1990ರ ದಶಕದ ಆರಂಭದಲ್ಲಿ ಜಪಾನಿ ಮಾತಾಡುವವರಿಗೆ ಇಂಗ್ಲಿಷಿನ ರ–ಲ ವ್ಯತ್ಯಾಸ ಕಲಿಸುವ ಪ್ರಯೋಗಗಳನ್ನು ನಡೆಸಿತು. ಹಲವು ಜನರ ಧ್ವನಿ ಕೇಳಿ ಕಲಿತವರು ಹೊಸಬರ ಮಾತಿನಲ್ಲೂ ವ್ಯತ್ಯಾಸವನ್ನು ಗುರುತಿಸಿದರು. ಒಬ್ಬರ ಧ್ವನಿಯಿಂದಷ್ಟೇ ಕಲಿತವರಿಗೆ ಹಾಗಾಗಲಿಲ್ಲ. ಹಾಗಾಗಿ ಮಕ್ಕಳ, ಮುದುಕರ, ಹೆಂಗಸರ, ಗಂಡಸರ, ಬೇರೆಬೇರೆ ಪ್ರದೇಶದವರ ಧ್ವನಿ ನಮಗೆ ಬೇಕು. ಅದರಲ್ಲೂ ಆ ಭಾಷೆಯ ಮಕ್ಕಳ ಧ್ವನಿ. ತನ್ನ ವಯಸ್ಸಿನ ಮಗುವೊಂದು ತನ್ನ ನಾಯಿಯ ಬಗ್ಗೆ ಹೇಳುವುದನ್ನು ಕೇಳುವಾಗ ನಮ್ಮ ಮಕ್ಕಳು ಕಿವಿ ನಿಮಿರಿಸುವುದೇ ಬೇರೆ. ಆ ಭಾಷೆಯ ನಾಡಿನ ಒಂದು ಶಾಲೆಯೊಂದಿಗೆ ಧ್ವನಿಪತ್ರ ವಿನಿಮಯಕ್ಕೆ ಇಲಾಖೆ ಏರ್ಪಾಡು ಮಾಡಿಕೊಟ್ಟರೆ ಹೆಚ್ಚು ಖರ್ಚಿಲ್ಲದೆ ಇದು ಆಗುತ್ತದೆ.

ಹಳೆಯ ಕಥೆಯೊಂದನ್ನು ನಿಮಗೆ ನೆನಪಿಸಲೇಬೇಕು. ಧ್ವನಿಯಂತ್ರದಿಂದ ಭಾಷೆ ಕಲಿಸುವ ಆಸೆ ಆ ಯಂತ್ರದಷ್ಟೇ ಹಳೆಯದು. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ ಮರುವರ್ಷವೇ ಅದರ ಉಪಯೋಗಗಳ ಪಟ್ಟಿಯಲ್ಲಿ ಉಚ್ಚಾರಣೆ ಕಲಿಸುವುದನ್ನೂ ಸೇರಿಸಿದ್ದ. 1901ರಲ್ಲಿ ಲಂಡನ್ನಿನಲ್ಲಿ ಜಾಕ್ ರೋಸ್ಟನ್ ಶುರುಮಾಡಿದ ಲಿಂಗ್ವಾಫೋನ್ ಸಂಸ್ಥೆ ಮೇಣದ ಸಿಲಿಂಡರ್‌ಗಳಲ್ಲಿ ಭಾಷಾಪಾಠ ಮಾರಿತು. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ ಬೆಚ್ಚಿದ ಅಮೆರಿಕ 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು, ಭಾಷಾ ಪ್ರಯೋಗಾಲಯಗಳಿಗೆ ಹಣ ಸುರಿಯಿತು. ಸಾಲುಸಾಲು ಗೂಡುಗಳು, ಗೂಡಿಗೊಂದು ಟೇಪು, ಟೇಪು ಹೇಳಿದ್ದನ್ನು ತಿರುಗಿ ಹೇಳುವ ವಿದ್ಯಾರ್ಥಿ. 1960ರ ದಶಕದ ಉತ್ತರಾರ್ಧದಲ್ಲಿ ಪೆನ್ಸಿಲ್ವೇನಿಯಾದ ಪ್ರೌಢಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು, ವಾರಕ್ಕೆರಡು ಸಲ ಪ್ರಯೋಗಾಲಯ ಬಳಸಿದ್ದರಿಂದ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು ವರದಿ ಮಾಡಿತು.

ಇದರಿಂದ ಯಂತ್ರವೇ ಬೇಡವೆಂಬ ತೀರ್ಮಾನಕ್ಕೆ ಬರುವವರಿದ್ದಾರೆ. ನನ್ನ ಓದು ಬೇರೆ. ಆ ಗೂಡುಗಳಲ್ಲಿ ಕೂತವರಿಗೆ ಹೇಳಲು ತಮ್ಮದೇ ಮಾತು ಇರಲಿಲ್ಲ. ಯಾರಿಗೆ ಹೇಳುತ್ತಿದ್ದೇವೆ ಎಂಬುದೂ ಇರಲಿಲ್ಲ. ಯಾವಾಗ ನಿಲ್ಲಿಸಬೇಕು, ಯಾವುದನ್ನು ಮತ್ತೆ ಮಾಡಬೇಕು ಎಂಬ ಹಿಡಿತ ಬಹುಪಾಲು ಬೇರೆಯವರ ಕೈಯಲ್ಲಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ಟು ರೆಕಾರ್ಡಿಂಗನ್ನು ಕೈಚೀಲದ ಗಾತ್ರಕ್ಕೆ ಇಳಿಸಿತು, ಇವತ್ತಿನ ಉಪಕರಣ ಮಗುವಿನ ಅಂಗೈಗೆ ಇಳಿದಿದೆ. ಗಾತ್ರ ಇಳಿದರೆ ಸಾಲದು, ಹಿಡಿತವೂ ಮಗುವಿನ ಕೈಗೆ ಬರಬೇಕು.

ಮೊದಲ ದಿನ ಏನಾಗುತ್ತದೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಷ್ಟೋ ಶಿಕ್ಷಕರು ಅಂದೇ ಕೈಬಿಡುತ್ತಾರೆ. ಮಕ್ಕಳು ತಮ್ಮ ಧ್ವನಿ ಕೇಳಿ ಬೆಚ್ಚುತ್ತಾರೆ. ‘ಇದು ನಾನಲ್ಲ’ ಎನ್ನುತ್ತಾರೆ. ನಮ್ಮ ಮಾತು ನಮಗೆ ಗಾಳಿಯ ಮೂಲಕವಷ್ಟೇ ಕೇಳಿಸುವುದಿಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ. ಆ ದಾರಿ ತಗ್ಗಿನ ಸ್ವರಗಳಿಗೆ ಮೈ ತುಂಬುತ್ತದೆ. ರೆಕಾರ್ಡಿನಲ್ಲಿ ಅದು ಇರುವುದಿಲ್ಲವಾದ್ದರಿಂದ ನಮ್ಮ ದನಿ ನಮಗೇ ತೆಳುವಾಗಿ, ಪರಕೀಯವಾಗಿ ಕೇಳುತ್ತದೆ. ಇದನ್ನು ಮಕ್ಕಳಿಗೆ ವಿವರಿಸಬೇಕು, ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಬೇಕು. ಮೊದಲ ಅವಧಿಯಲ್ಲಿ ವಿದೇಶಿ ಭಾಷೆಯ ಸುದ್ದಿಯೇ ಬೇಡ. ಬೆಕ್ಕಿನ ಕೂಗು, ಮಳೆಯ ಸದ್ದು, ಮನೆಮಾತಿನಲ್ಲಿ ಒಂದು ಒಗಟು, ಏನು ಬೇಕಾದರೂ ರೆಕಾರ್ಡ್ ಮಾಡಲಿ. ಗದ್ದಲ ಆಗುತ್ತದೆ, ಆಗಲಿ. ಒಂದೆರಡು ವಾರದಲ್ಲಿ ಆ ಕುತೂಹಲ ತಣಿದು, ಯಂತ್ರ ಪೆನ್ಸಿಲ್ಲಿನಷ್ಟೇ ಸಾಮಾನ್ಯವಾಗುತ್ತದೆ. ಉಗ್ಗುವ ಮಗುವಿಗೆ, ದನಿ ಕೇಳಿಸಿಕೊಳ್ಳಲು ಇಷ್ಟವೇ ಇಲ್ಲದ ಮಗುವಿಗೆ ಬಲವಂತ ಕೂಡದು. ಕೈಗೊಂಬೆಯ ಹೆಸರಿನಲ್ಲಿ, ಕಥೆಯ ಕರಡಿಯ ದನಿಯಲ್ಲಿ ಮಾತಾಡಲು ಬಿಟ್ಟರೆ ಅಂಥ ಮಕ್ಕಳಲ್ಲಿ ಕೆಲವರು ಮುಂದೆ ಬರುತ್ತಾರೆ. ಬಾರದಿದ್ದರೂ ಪರವಾಗಿಲ್ಲ.

ಗದ್ದಲದ ತರಗತಿಯಲ್ಲಿ ರೆಕಾರ್ಡ್ ಮಾಡುವುದು ಹೇಗೆ ಎಂಬುದು ನಿಜವಾದ ಪ್ರಶ್ನೆ. ಬಾಯಿಗೆ ಮೈಕ್ ಒಂದು ಗೇಣು ದೂರದಲ್ಲಿದ್ದರೆ ಸಾಕು. ತೀರಾ ಹತ್ತಿರ ಹಿಡಿದರೆ ಪ, ಬ ಎನ್ನುವಾಗ ಉಸಿರು ಬಡಿದು ಸದ್ದು ಒಡೆಯುತ್ತದೆ, ದೂರ ಹಿಡಿದರೆ ಇಡೀ ತರಗತಿಯೇ ಒಳಗೆ ಬರುತ್ತದೆ. ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ದಪ್ಪ ಬಟ್ಟೆ ಹಾಸಿ ರೆಕಾರ್ಡರನ್ನು ಅದರೊಳಗಿಟ್ಟು ಮಾತಾಡಿದರೆ ಪ್ರತಿಧ್ವನಿ ಎಷ್ಟೋ ತಗ್ಗುತ್ತದೆ. ಗೋಡೆಯ ಮೂಲೆಗಿಂತ ಪುಸ್ತಕದ ಕಪಾಟಿನ ಪಕ್ಕ ಒಳ್ಳೆಯದು. ಸಂಗ್ರಹಣೆಗೆ ದೊಡ್ಡ ಏರ್ಪಾಡೇನೂ ಬೇಡ. ಮಾತಿಗೆ ಸಾಕಾಗುವ ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ, ಒಂದು ನಿಮಿಷದ ಧ್ವನಿ ಅರ್ಧ ಮೆಗಾಬೈಟಿಗಿಂತ ಸ್ವಲ್ಪ ಕಡಿಮೆ ಜಾಗ ಹಿಡಿಯುತ್ತದೆ. 30 ಮಕ್ಕಳ ಒಂದೊಂದು ನಿಮಿಷಕ್ಕೆ 15 ಮೆಗಾಬೈಟ್ ಸಾಕು. ಇದಕ್ಕಾಗಿ ದೂರದ ಸರ್ವರ್, ವಾರ್ಷಿಕ ಚಂದಾ, ಲಾಗಿನ್ ಎಂದು ಯಾರಾದರೂ ಮಾರಲು ಬಂದರೆ ಯಾಕೆ ಬೇಕು ಎಂದು ದಯವಿಟ್ಟು ಕೇಳಿ.

ಈಗ ಅಂಕದ ಮಾತು. ರೆಕಾರ್ಡರ್ ಬಂದ ಕೂಡಲೇ ಅದನ್ನು ಮೌಖಿಕ ಪರೀಕ್ಷೆಗೆ ಬಳಸುವ ಯೋಚನೆ ಬರುವುದು ಸಹಜ. ಕೇಳಲು ನ್ಯಾಯವಾಗಿಯೂ ಇದೆ: ಸಾಕ್ಷ್ಯ ಇರುತ್ತದೆ, ಮತ್ತೊಬ್ಬರು ಮೌಲ್ಯಮಾಪನ ಮಾಡಬಹುದು. ಆದರೆ ತರಗತಿಯಲ್ಲಿ ಏನಾಗುತ್ತದೆ ನೋಡಿ. ಕೆಂಪು ದೀಪ ಹೊತ್ತಿದರೆ ಪರೀಕ್ಷೆ ಎಂದು ಮಕ್ಕಳಿಗೆ ಒಂದೇ ದಿನದಲ್ಲಿ ಅರ್ಥವಾಗುತ್ತದೆ. ಆಮೇಲೆ ಅವರು ಮಾತಾಡುವುದಿಲ್ಲ, ಬರೆದಿಟ್ಟುಕೊಂಡು ಓದುತ್ತಾರೆ. ಧ್ವನಿಯ ಏರಿಳಿತ ಹೋಗಿ, ದನಿ ಚಪ್ಪಟೆಯಾಗುತ್ತದೆ. ಗೊತ್ತಿರುವ ನಾಲ್ಕು ವಾಕ್ಯ ಬಿಟ್ಟು ಐದನೆಯದನ್ನು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಭಾಷೆ ಬೆಳೆಯುವುದೇ ಆ ಐದನೆಯ ವಾಕ್ಯದಲ್ಲಿ. ಮಕ್ಕಳ ಪ್ರಗತಿಯನ್ನು ದಾಖಲಿಸಲೇಬೇಕೆಂದಿದ್ದರೆ ಒಂದು ಸರಳ ದಾರಿಯಿದೆ. ವರ್ಷದ ಆರಂಭದ ಒಂದು ತುಣುಕು, ಕೊನೆಯ ಒಂದು ತುಣುಕು, ಎರಡನ್ನೂ ಮಗುವೇ ಆರಿಸಲಿ. ಅದೇ ಪದ್ಯವನ್ನೋ ಅದೇ ಪರಿಚಯದ ಮಾತನ್ನೋ ಎರಡು ಕಾಲದಲ್ಲಿ ಹೇಳಿದ್ದು. ಪೋಷಕರಿಗೆ ಅದನ್ನು ಮಗುವೇ ಕೇಳಿಸಲಿ. ಅಂಕಪಟ್ಟಿಯ ಯಾವ ಕಾಲಮ್ಮೂ ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಶಿಕ್ಷಕರ ಮೇಲೆ ಬೀಳುವ ಹೊರೆಯನ್ನೂ ನೋಡಿ. ವಾರಕ್ಕೆ 30 ಮಕ್ಕಳ ಒಂದೊಂದು ನಿಮಿಷವನ್ನು ಬರೀ ಕೇಳಲು ಅರ್ಧ ಗಂಟೆ ಬೇಕು. ಪ್ರತಿಯೊಂದಕ್ಕೂ ಎರಡು ಸಾಲು ಟಿಪ್ಪಣಿ ಬರೆಯುವುದಾದರೆ ಅದರ ಮೂರು ಪಟ್ಟು. ಮೂರು ತರಗತಿ ಇರುವವರ ಗತಿ ಏನು? ‘ಎಲ್ಲ ರೆಕಾರ್ಡಿಂಗ್‌ಗಳನ್ನೂ ಶಿಕ್ಷಕರು ಪರಿಶೀಲಿಸತಕ್ಕದ್ದು’ ಎಂಬ ಒಂದೇ ಸಾಲು ಸುತ್ತೋಲೆಯಲ್ಲಿ ಬಂದರೆ ಯಂತ್ರಗಳು ಬೀರುವಿಗೆ ಸೇರುತ್ತವೆ, ಬೀಗ ಬೀಳುತ್ತದೆ. ಮಕ್ಕಳು ಒಬ್ಬರನ್ನೊಬ್ಬರು ಕೇಳುವುದೇ ಇಲ್ಲಿನ ಮುಖ್ಯ ಕೆಲಸ. ನಾನು ಒಂದು ಅವಧಿಯಲ್ಲಿ ಒಂದು ಗುಂಪಿನ ಜೊತೆ ಕೂರುತ್ತೇನೆ, ಮಿಕ್ಕವರನ್ನು ನಂಬುತ್ತೇನೆ.

ನಮ್ಮೊಳಗಿನ ಅಳುಕೊಂದನ್ನೂ ಹೇಳಬೇಕು. ಪ್ರಾಥಮಿಕ ಶಾಲೆಯಲ್ಲಿ ವಿದೇಶಿ ಭಾಷೆ ಕಲಿಸುವ ನಮ್ಮಲ್ಲಿ ಹೆಚ್ಚಿನವರಿಗೆ ಅದು ಮನೆಮಾತಲ್ಲ. ನಮ್ಮ ಉಚ್ಚಾರಣೆ ರೆಕಾರ್ಡ್ ಆಗಿ ಮಕ್ಕಳ ಮನೆಗೆ ಹೋಗುತ್ತದೆಂದರೆ ಎದೆ ಡವಗುಟ್ಟುತ್ತದೆ. ಆದ್ದರಿಂದ ಶಿಕ್ಷಕರ ತರಬೇತಿಯಲ್ಲಿ ಗುಂಡಿ ಒತ್ತುವುದನ್ನು ಕಲಿಸಲು ಹತ್ತು ನಿಮಿಷ ಸಾಕು, ಉಳಿದ ಹೊತ್ತು ನಾವೇ ಮಕ್ಕಳ ಹಾಗೆ ರೆಕಾರ್ಡ್ ಮಾಡಿ, ಕೇಳಿ, ಅಳಿಸಿ, ಮತ್ತೆ ಮಾಡುವ ಅವಕಾಶ ಕೊಡಿ. ಅಲ್ಲಿ ಅಧಿಕಾರಿಗಳು ಮೇಲ್ವಿಚಾರಣೆಗೆ ನಿಲ್ಲುವುದು ಬೇಡ. ತನ್ನ ದನಿಯನ್ನು ತಾನೇ ಕೇಳಲು ಹೆದರುವ ಶಿಕ್ಷಕಿ ಮಕ್ಕಳಿಗೆ ಆ ಧೈರ್ಯ ಹೇಳಿಕೊಡಲಾರಳು.

ಉಚ್ಚಾರಣೆಗೆ ತಾನೇ ಅಂಕ ಕೊಡುವ ಆ್ಯಪ್‌ಗಳ ಬಗ್ಗೆ ಕೇಳುವವರು ಹೆಚ್ಚುತ್ತಿದ್ದಾರೆ. ನನ್ನ ವಿರೋಧ ಸ್ಪಷ್ಟವಾಗಿದೆ. ಮಕ್ಕಳ ಗಂಟಲು, ಬಾಯಿಯ ನಾಳ ವಯಸ್ಕರದ್ದಕ್ಕಿಂತ ಚಿಕ್ಕದು, ಆದ್ದರಿಂದ ಅವರ ಸ್ವರಗಳ ಅನುರಣನ ಮೇಲಿನ ಆವರ್ತನಗಳಲ್ಲಿರುತ್ತದೆ. ಮಾತಿನ ಲಯವೂ ಒಂದೇ ಸಮ ಇರುವುದಿಲ್ಲ. ಹೆಚ್ಚಾಗಿ ವಯಸ್ಕರ ಮಾತಿನಿಂದ ಕಲಿತ ಯಂತ್ರಗಳು ಮಕ್ಕಳ ಮಾತಿನಲ್ಲಿ ಹೆಚ್ಚು ಎಡವುತ್ತವೆ. ಸರಿಯಾಗಿ ಹೇಳಿದ ಮಗುವಿಗೆ ಕೆಂಪು ಗುರುತು ಬಿದ್ದರೆ ಆ ಮಗು ಯಂತ್ರವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತದೆ. ಕಪಾಟಿನ ಹಿಂದೆ ಕೂತ ಗೆಳತಿ ಹೇಳಿದಂತೆ ‘ಸೀಟಿ ಊದಿದ ಹಾಗೆ’ ಎಂದು ಹೇಳಲು ಅದಕ್ಕೆ ಬಾರದು, ಶೇಕಡಾವಾರು ಹೇಳಲು ಬರುತ್ತದೆ.

ಮಗುವಿನ ಧ್ವನಿ ಮಗುವಿನ ಗುರುತು ಕೂಡ ಹೌದು. ಅಮೆರಿಕದಲ್ಲಿ 13 ವರ್ಷದೊಳಗಿನವರ ಆನ್‌ಲೈನ್ ಖಾಸಗಿತನ ಕಾಯುವ 1998ರ ಕಾಯ್ದೆಯ ನಿಯಮಗಳಿಗೆ 2013ರಲ್ಲಿ ತಿದ್ದುಪಡಿಯಾದಾಗ ಮಗುವಿನ ಧ್ವನಿ ಇರುವ ಆಡಿಯೊ ಕಡತವನ್ನೂ ವೈಯಕ್ತಿಕ ಮಾಹಿತಿ ಎಂದು ಸೇರಿಸಲಾಯಿತು. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ನಿಯಮವೂ ಮಕ್ಕಳಿಗೆ ವಿಶೇಷ ರಕ್ಷಣೆ ಬೇಕೆನ್ನುತ್ತದೆ. ಕಾನೂನು ಎಲ್ಲಿ ಹೇಗೇ ಇರಲಿ, ಶಾಲೆ ಪಾಲಿಸಬೇಕಾದದ್ದು ಸುಲಭ: ಇಂಟರ್ನೆಟ್ ಸಂಪರ್ಕವೇ ಇಲ್ಲದ ಉಪಕರಣ, ಮಗು ತಾನಾಗಿ ಉಳಿಸಿಹೋಗುವ ತುಣುಕನ್ನು ಬಿಟ್ಟು ಮಿಕ್ಕದ್ದನ್ನು ವರ್ಷ ಮುಗಿದಾಗ ಪೂರ್ತಿ ಅಳಿಸುವ ನಿಯಮ, ಹೊರಗೆ ಕಳಿಸುವ ಪ್ರತಿ ತುಣುಕಿಗೂ ಪೋಷಕರ ಬರಹದ ಒಪ್ಪಿಗೆ ಮತ್ತು ಮಗುವಿನ ಬಾಯಿಮಾತಿನ ಒಪ್ಪಿಗೆ. ಪೋಷಕರಲ್ಲೂ ಒಂದು ವಿನಂತಿ. ‘ಇವತ್ತಿನ ರೆಕಾರ್ಡಿಂಗ್ ಗುಂಪಿಗೆ ಹಾಕಿ ಮೇಡಂ’ ಎಂದು ಕೇಳಬೇಡಿ. ನಿಮ್ಮ ಮಗುವಿನ ಪ್ರಯತ್ನ ಇನ್ನೊಬ್ಬರ ಮಗುವಿನ ಪ್ರಯತ್ನದ ಪಕ್ಕದಲ್ಲಿ ಹೋಲಿಕೆಗೆ ಬೀಳುತ್ತದೆ. ಮಕ್ಕಳಿಗೆ ಇನ್ನೊಂದು ಸ್ಕ್ರೀನ್ ಯಾಕೆ ಎಂದು ಆತಂಕಪಡುವವರಿಗೆ, ನಾನು ಕೇಳುತ್ತಿರುವ ಉಪಕರಣದಲ್ಲಿ ಸ್ಕ್ರೀನ್ ಇರಬೇಕಾಗಿಯೇ ಇಲ್ಲ. ರೆಕಾರ್ಡ್ ಮಾಡಲು, ನಿಲ್ಲಿಸಲು, ಕೇಳಲು, ಅಳಿಸಲು ನಾಲ್ಕು ಗುಂಡಿಗಳಿದ್ದರೆ ಸಾಕು.

ಮಾನ್ಯರೇ, ಖರೀದಿಯ ಆದೇಶ ಹೊರಡಿಸುವ ಮೊದಲು ಅದರಲ್ಲಿ ಈ ವಿಷಯಗಳನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಉಪಕರಣ ಇಂಟರ್ನೆಟ್ ಇಲ್ಲದೆ ಕೆಲಸ ಮಾಡಬೇಕು. ಅಳಿಸುವ ಗುಂಡಿ ಮಗುವಿಗೆ ಸಿಗುವಂತಿರಬೇಕು, ಪಾಸ್‌ವರ್ಡಿನ ಹಿಂದೆ ಇರಬಾರದು. ತರಗತಿಯ ರೆಕಾರ್ಡಿಂಗ್‌ಗಳನ್ನು ಅಂಕಕ್ಕಾಗಲಿ ಶಿಕ್ಷಕರ ಮೌಲ್ಯಮಾಪನಕ್ಕಾಗಲಿ ಬಳಸುವಂತಿಲ್ಲ. ತಪಾಸಣೆಗೆ ಬಂದವರು ಅವನ್ನು ಕೇಳಿಸಿ ಎಂದು ಒತ್ತಾಯಿಸುವಂತಿಲ್ಲ. ಮಗು ತಾನಾಗಿ ಕೇಳಿಸಿದರೆ ಸಂತೋಷದಿಂದ ಕೇಳಲಿ. ಯಂತ್ರದ ಬೆಲೆಯ ಜೊತೆಗೆ ಬ್ಯಾಟರಿಗೆ, ದುರಸ್ತಿಗೆ, ಶಿಕ್ಷಕರ ತರಬೇತಿಯ ದಿನಗಳಿಗೆ ಹಣ ತೆಗೆದಿಡಿ. ಮಾದರಿ ಉಪಕರಣಗಳನ್ನು ಆರಿಸುವ ಸಮಿತಿಯಲ್ಲಿ ತರಗತಿಯಲ್ಲಿ ಕಲಿಸುತ್ತಿರುವವರು ಇರಲಿ, ಮತ್ತು ಆರಿಸುವ ಮೊದಲು ಆ ಉಪಕರಣಗಳನ್ನು ಏಳು ವರ್ಷದ ಮಕ್ಕಳ ಕೈಗೆ ಒಂದು ವಾರ ಕೊಟ್ಟು ನೋಡಿ. ಯಾವ ಗುಂಡಿ ಗಟ್ಟಿ, ಯಾವ ಮುಚ್ಚಳ ಮುರಿಯುತ್ತದೆ, ಯಾವುದರ ಧ್ವನಿ ಕೇಳಿಸುವುದಿಲ್ಲ ಎಂದು ಅವರು ನಿಮಗೆ ಸರಿಯಾಗಿ ಹೇಳುತ್ತಾರೆ.

ವಂದನೆಗಳೊಂದಿಗೆ,

ಪ್ರಾಥಮಿಕ ಶಾಲೆಯ ಒಬ್ಬ ಫ್ರೆಂಚ್ ಶಿಕ್ಷಕಿ